ನೆನೆದ ಹಾಳೆಗೆ ನಾಲ್ಕು ಅಂಚಿನ ಬಿಗಿ

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?” ಎಂಬ ಗಾದೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಮಕ್ಕಳನ್ನು ಎಳವೆಯಲ್ಲಿಯೇ ಬಿಗಿಯಾಗಿ ಹಿಡಿಯಬೇಕೆಂಬುದಕ್ಕೆ ಹಿರಿಯರು ಮುಂದಿಡುವ ಮೊದಲ ಸಾಕ್ಷಿ ಅದು. ಆ ಗಾದೆಗೆ ಎದುರಾಗಿ ಇಂದಿನ ತರುಣ ತರುಣಿಯರು ಮತ್ತೊಂದು ಮಾತನ್ನು ನಿಲ್ಲಿಸಿದ್ದಾರೆ: “ನಮ್ಮನ್ನು ನಮ್ಮ ಪಾಡಿಗೆ ಬಿಡಿ.” ಒಂದೇ ಸೂರಿನ ಕೆಳಗೆ ಈ ಎರಡು ಮಾತುಗಳೂ ವಾಸಿಸುತ್ತಿರುವ ಮನೆಗಳು ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇವೆ. ಅಲ್ಲಿ ಜಗಳ ಇಲ್ಲದಿರಬಹುದು. ಆದರೆ ಊಟದ ಹೊತ್ತಿನಲ್ಲಿ ತಟ್ಟೆಗಳ ಸದ್ದು ಮಾತ್ರ ಕೇಳಿಸುವಂಥ ಮೌನ ಇರುತ್ತದೆ.

ಈ ಮೌನದ ಹಿಂದೆ ಹಳೆಯದೊಂದು ತಾತ್ವಿಕ ಪ್ರಶ್ನೆ ಅಡಗಿದೆ. ಒಬ್ಬ ವ್ಯಕ್ತಿಯನ್ನು ನಿಯಮಗಳಿಂದ ಬಿಗಿಯುವುದು ಅವನ ಸ್ವಾತಂತ್ರ್ಯಕ್ಕೆ ಎಸಗುವ ಅನ್ಯಾಯವೇ? ಅಥವಾ ಆ ಸ್ವಾತಂತ್ರ್ಯಕ್ಕೇ ಅಗತ್ಯವಾದ ಪೂರ್ವಸಿದ್ಧತೆಯೇ? ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಶಿಕ್ಷಣವನ್ನು ಕುರಿತು ನೀಡಿದ ಉಪನ್ಯಾಸಗಳು 1803ರಲ್ಲಿ ಪುಸ್ತಕವಾಗಿ ಹೊರಬಂದವು. ನಿರ್ಬಂಧಕ್ಕೆ ಒಳಪಡುವುದನ್ನೂ ಸ್ವಾತಂತ್ರ್ಯವನ್ನು ಬಳಸುವ ಸಾಮರ್ಥ್ಯವನ್ನೂ ಒಂದುಗೂಡಿಸುವುದು ಹೇಗೆಂಬುದು ಶಿಕ್ಷಣದ ಅತಿ ಕಠಿಣ ಸಮಸ್ಯೆಗಳಲ್ಲೊಂದೆಂದು ಅವನು ಅಲ್ಲಿ ಒಪ್ಪಿಕೊಳ್ಳುತ್ತಾನೆ. ಅಂಥ ಮೇಧಾವಿಗೂ ಕಠಿಣವೆನಿಸಿದ ಪ್ರಶ್ನೆಯನ್ನು ನಾವು ಸರಳವಾದ ವಸ್ತುವೊಂದನ್ನು ಕೈಯಲ್ಲಿ ಹಿಡಿದು ವಿಚಾರಿಸೋಣ. ಆ ವಸ್ತು ಚಿತ್ರ ಬರೆಯುವ ಕಾಗದ.

ಕಾಗದವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಂಗ್ಲೆಂಡಿನ ಜಾನ್ ಲಾಕ್ ಮನುಷ್ಯನ ಮನಸ್ಸನ್ನು ಏನೂ ಬರೆಯದ ಬಿಳಿಯ ಕಾಗದಕ್ಕೆ ಹೋಲಿಸಿದ. 1693ರಲ್ಲಿ ಪ್ರಕಟವಾದ ಶಿಕ್ಷಣವಿಷಯಕ ಗ್ರಂಥದ ಕೊನೆಯಲ್ಲಿಯೂ ಅವನು ಮಗುವನ್ನು ಬಿಳಿಯ ಕಾಗದವೆಂದೂ ಬೇಕಾದಂತೆ ರೂಪಿಸಬಹುದಾದ ಮೇಣವೆಂದೂ ಭಾವಿಸಿದ್ದಾನೆ. ಅಂದಿನಿಂದ ಇಂದಿನವರೆಗೆ ಮಗುವೆಂದರೆ ಖಾಲಿ ಹಾಳೆ ಎಂಬ ಮಾತು ಸಭೆ ಸಮಾರಂಭಗಳಲ್ಲಿ ಕೇಳಿಬರುತ್ತಲೇ ಇದೆ. ಆದರೆ ಹಾಳೆಯ ಮೇಲೆ ಏನನ್ನು ಬರೆಯಬೇಕೆಂದು ಚರ್ಚಿಸಿದಷ್ಟು, ಹಾಳೆಯ ಸ್ವಭಾವವೇನೆಂದು ನಾವು ವಿಚಾರಿಸಿದಂತಿಲ್ಲ. ಅದನ್ನು ವಿಚಾರಿಸಿದವರು ಜಲವರ್ಣದ ಕಲಾವಿದರು. ನೀರು ತಾಕಿದೊಡನೆ ಕಾಗದ ಖಾಲಿಯಾಗಿ ಸುಮ್ಮನೆ ಬಿದ್ದಿರುವುದಿಲ್ಲ ಎಂಬುದು ಅವರಿಗೆ ತಿಳಿದಿತ್ತು.

ಹಾಳೆ ಏಕೆ ಉಬ್ಬುತ್ತದೆ?

ಶಾಲೆಯ ಚಿತ್ರಕಲಾ ತರಗತಿಯಲ್ಲಿ ಕುಳಿತ ಪ್ರತಿಯೊಂದು ಮಗುವಿಗೂ ಈ ಅನುಭವ ಉಂಟು. ಡ್ರಾಯಿಂಗ್ ಹಾಳೆಯ ಮೇಲೆ ಆಕಾಶಕ್ಕೆಂದು ಕುಂಚದ ತುಂಬ ನೀಲಿ ನೀರನ್ನು ಬಳಿದರೆ, ಕೆಲವೇ ಕ್ಷಣಗಳಲ್ಲಿ ಹಾಳೆ ಅಲೆ ಅಲೆಯಾಗಿ ಏಳುತ್ತದೆ. ತಗ್ಗುಗಳಲ್ಲಿ ಬಣ್ಣ ಮಡುಗಟ್ಟುತ್ತದೆ, ದಿಬ್ಬಗಳು ಬೋಳಾಗುತ್ತವೆ. ಸಮವಾಗಿರಬೇಕಾದ ಆಕಾಶ ಕಲೆ ಕಲೆಯಾಗುತ್ತದೆ. ಹಾಗೆಯೇ ಒಣಗಲು ಬಿಟ್ಟರೆ ಆ ಅಲೆಗಳು ಅಲ್ಲಿಯೇ ನೆಲೆನಿಲ್ಲುತ್ತವೆ.

ಇದರ ಕಾರಣ ಕಾಗದದ ಒಡಲಲ್ಲಿಯೇ ಇದೆ. ಕಾಗದವೆಂದರೆ ಸಸ್ಯದ ನಾರುಗಳ ಹೆಣಿಗೆ. ಹತ್ತಿಯಿಂದಾಗಲಿ ಮರದಿಂದಾಗಲಿ ಬಂದ ಆ ನಾರು ಮುಖ್ಯವಾಗಿ ಸೆಲ್ಯುಲೋಸ್ ಎಂಬ ದ್ರವ್ಯ. ನೀರೆಂದರೆ ಸೆಲ್ಯುಲೋಸಿಗೆ ಬಲು ಪ್ರೀತಿ. ಗಾಳಿಯಲ್ಲಿರುವ ತೇವವನ್ನೂ ಅದು ಎಳೆದುಕೊಳ್ಳುತ್ತದೆ. ನೀರು ಕುಡಿದ ನಾರು ಉದ್ದದಲ್ಲಿ ಅಷ್ಟಾಗಿ ಬೆಳೆಯದೆ, ಅಡ್ಡಕ್ಕೆ ದಪ್ಪಗಾಗುತ್ತದೆ. ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ಹೆಚ್ಚಿನ ನಾರುಗಳು ಯಂತ್ರ ಓಡುವ ದಿಕ್ಕಿನಲ್ಲಿಯೇ ಮಲಗಿರುತ್ತವೆ. ಆದ್ದರಿಂದ ಅಂಥ ಹಾಳೆ ಒಂದು ದಿಕ್ಕಿಗೆ ಕಡಿಮೆ, ಅದಕ್ಕೆ ಅಡ್ಡವಾದ ದಿಕ್ಕಿಗೆ ಹೆಚ್ಚು ಹಿಗ್ಗುತ್ತದೆ. ಹಾಳೆಯೆಲ್ಲ ಒಮ್ಮೆಗೇ ಹಿಗ್ಗಿದರೆ ತೊಂದರೆಯಿಲ್ಲ. ಆದರೆ ನಾವು ಬಣ್ಣ ಬಳಿಯುವುದು ಒಂದು ಭಾಗಕ್ಕೆ. ಆ ಒದ್ದೆಯ ಭಾಗ ಹಿಗ್ಗಲು ಹೊರಡುತ್ತದೆ. ಸುತ್ತಲಿನ ಒಣಭಾಗ ಅದಕ್ಕೆ ಜಾಗ ಬಿಡುವುದಿಲ್ಲ. ಪಕ್ಕಕ್ಕೆ ಸರಿಯಲು ದಾರಿ ಕಾಣದೆ ಅದು ಮೇಲಕ್ಕೆ ಏಳುತ್ತದೆ. ನಾವು ಸೊಟ್ಟವೆಂದು ಕರೆಯುವುದು ಜಾಗವಿಲ್ಲದ ಈ ಬೆಳವಣಿಗೆಯನ್ನೇ.

ಅನುಭವಿಗಳು ಕಂಡುಕೊಂಡ ಉಪಾಯ

ಇದಕ್ಕೆ ಕಲಾವಿದರು ಅನುಸರಿಸುತ್ತ ಬಂದಿರುವ ಕ್ರಮ ಹೀಗಿದೆ. ಚಿತ್ರವನ್ನು ಆರಂಭಿಸುವುದಕ್ಕೆ ಮೊದಲು ಇಡೀ ಹಾಳೆಯನ್ನು ಶುದ್ಧವಾದ ತಣ್ಣೀರಿನಲ್ಲಿ ಕೆಲವು ನಿಮಿಷ ಮುಳುಗಿಸಿಡುತ್ತಾರೆ. ತೆಳುವಾದ ಹಾಳೆಗೆ ಕಡಿಮೆ ಹೊತ್ತು, ದಪ್ಪ ಹಾಳೆಗೆ ಹೆಚ್ಚು ಹೊತ್ತು. ನೀರು ಒಳಹೊಕ್ಕು ನಾರೆಲ್ಲ ಹಿಗ್ಗಿ, ಹಾಳೆ ತನ್ನ ಪೂರ್ಣ ವಿಸ್ತಾರವನ್ನು ತಲುಪುತ್ತದೆ. ಅನಂತರ ಅದನ್ನು ಎತ್ತಿ, ನೀರು ಬಸಿದು, ಮರದ ಹಲಗೆಯ ಮೇಲೆ ಹಾಸಿ, ನಡುವಿನಿಂದ ಅಂಚಿನ ಕಡೆಗೆ ಮೃದುವಾಗಿ ಸವರುತ್ತಾರೆ. ಬಳಿಕ ಗೋಂದು ಲೇಪಿಸಿದ ಕಂದು ಕಾಗದದ ಪಟ್ಟಿಯನ್ನು ಒದ್ದೆ ಮಾಡಿ, ಅರ್ಧ ಹಾಳೆಯ ಮೇಲೆ ಅರ್ಧ ಹಲಗೆಯ ಮೇಲೆ ಬರುವಂತೆ ನಾಲ್ಕೂ ಅಂಚುಗಳಿಗೆ ಅಂಟಿಸುತ್ತಾರೆ. ಹಲಗೆಯನ್ನು ಸಮತಟ್ಟಾಗಿ ಮಲಗಿಸಿ ನೆರಳಿನಲ್ಲಿ ಒಣಗಿಸುತ್ತಾರೆ. ಒಣಗುತ್ತ ಹಾಳೆ ಕುಗ್ಗಲು ಯತ್ನಿಸುತ್ತದೆ, ಅಂಚುಗಳು ಬಿಡುವುದಿಲ್ಲ. ಮರುದಿನ ನೋಡಿದರೆ ಅದು ಮದ್ದಳೆಯ ಚರ್ಮದಂತೆ ಬಿಗಿದು ನಿಂತಿರುತ್ತದೆ. ಈಗ ಎಷ್ಟು ನೀರು ಹಾಕಿ ಬರೆದರೂ, ಒಂದಿಷ್ಟು ಅಲೆಯೆದ್ದು, ಒಣಗಿದ ಮೇಲೆ ಮತ್ತೆ ಸಮವಾಗುತ್ತದೆ. ಚಿತ್ರ ಮುಗಿದು ಪೂರ್ತಿ ಒಣಗಿದ ಬಳಿಕ ಅಂಚುಗಳನ್ನು ಕತ್ತರಿಸಿ ಹಾಳೆಯನ್ನು ಬಿಡಿಸುತ್ತಾರೆ.

ಕೆಲಸ ಇಷ್ಟೇ. ಆದರೆ ಇದರ ಒಂದೊಂದು ಹಂತದಲ್ಲಿಯೂ ನಮ್ಮ ಪ್ರಶ್ನೆಗೆ ಸಂಬಂಧಿಸಿದ ತಿಳಿವಳಿಕೆ ಇದೆ.

ನೀರು ಅಪರಾಧಿಯಲ್ಲ

ಮೊದಲನೆಯದಾಗಿ, ಹಾಳೆಯನ್ನು ಕೆಡಿಸುವುದು ನೀರಲ್ಲ. ನೀರಿನ ಅಸಮಾನ ಹಂಚಿಕೆ. ಸ್ವಲ್ಪ ನೀರು ಒಂದೇ ಕಡೆ ಬಿದ್ದಾಗ ಉಬ್ಬುವ ಹಾಳೆ, ಇಡಿಯಾಗಿ ಮುಳುಗಿಸಿದಾಗ ಉಬ್ಬುವುದಿಲ್ಲ.

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ತಂದೆ ಹದಿನೈದು ವರ್ಷಗಳಿಂದ ಕುವೈತಿನಲ್ಲಿ ದುಡಿಯುತ್ತಿದ್ದಾರೆ. ತಾಯಿ ಊರಿನಲ್ಲಿ ಅತ್ತೆಯ ಆರೈಕೆ ಮಾಡಿಕೊಂಡಿದ್ದಾರೆ. ಮಗಳು ಬೆಂಗಳೂರಿನಲ್ಲಿ ಓದಿ, ಅಲ್ಲಿಯೇ ಕೆಲಸಕ್ಕೆ ಸೇರಿದ್ದಾಳೆ. ರಜೆಗೆ ಮನೆಗೆ ಬಂದಾಗ ಅವಳ ಮಾತು, ಉಡುಗೆ, ಮಲಗುವ ಏಳುವ ಹೊತ್ತು ಎಲ್ಲವೂ ಬದಲಾಗಿರುವಂತೆ ಕಾಣುತ್ತದೆ. “ಬೆಂಗಳೂರಿನ ನೀರು ಕುಡಿದು ಕೆಟ್ಟುಹೋದಳು” ಎನ್ನುತ್ತಾರೆ ಅಜ್ಜಿ. “ಅಜ್ಜಿ, ನಿಮಗೆ ಏನೂ ಗೊತ್ತಿಲ್ಲ” ಎಂದು ಅವಳು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಇಲ್ಲಿ ಯಾರೂ ಕೆಟ್ಟವರಲ್ಲ. ಹೊಸ ಬದುಕಿನ ನೀರು ಆ ಮನೆಯ ಒಂದು ಭಾಗಕ್ಕೆ ಮಾತ್ರ ಬಿದ್ದಿದೆ. ಆ ಭಾಗ ಹಿಗ್ಗಿದೆ. ಉಳಿದ ಭಾಗ ಒಣಗಿಯೇ ಇದೆ. ನಡುವೆ ಎದ್ದ ದಿಬ್ಬವನ್ನು ಎಲ್ಲರೂ ಮಗಳ ಅಹಂಕಾರವೆಂದು ತಿಳಿದುಕೊಂಡಿದ್ದಾರೆ.

ಇದಕ್ಕೆ ಪರಿಹಾರ ಮಗಳನ್ನು ಒಣಗಿಸುವುದರಲ್ಲಿಲ್ಲ, ಮನೆಯನ್ನೆಲ್ಲ ಒದ್ದೆ ಮಾಡುವುದರಲ್ಲಿದೆ. ತಾಯಿ ಒಂದು ವಾರ ಬೆಂಗಳೂರಿಗೆ ಹೋಗಿ ಮಗಳ ಬಾಡಿಗೆಯ ಕೋಣೆಯಲ್ಲಿ ಇದ್ದು ಬರಲಿ. ಅವಳು ರಾತ್ರಿ ಹತ್ತಕ್ಕೆ ಮರಳುವುದು ಏಕೆಂದು ಕಣ್ಣಾರೆ ಕಾಣಲಿ. ಮಗಳಿಗೆ ಮನೆಯ ಸಾಲದ ಲೆಕ್ಕ, ಅಜ್ಜಿಯ ಔಷಧಿಯ ಚೀಟಿ, ತಂದೆ ಅಲ್ಲಿ ಅನುಭವಿಸುತ್ತಿರುವ ಒಂಟಿತನ ಇವೆಲ್ಲ ತಿಳಿಯಲಿ. ಒಬ್ಬರ ಅನುಭವ ಇನ್ನೊಬ್ಬರನ್ನು ತಲುಪಿದ ಮೇಲೆ ಹಾಕುವ ನಿಯಮ ಬೇರೆ, ತಲುಪುವ ಮೊದಲೇ ಹಾಕುವ ನಿಯಮ ಬೇರೆ.

ಹಿಗ್ಗಿದ ಮೇಲೆ ಬಿಗಿ

ಎರಡನೆಯದು ಇನ್ನೂ ಮುಖ್ಯವಾದದ್ದು. ಹಾಳೆಯನ್ನು ಬಿಗಿಯುವ ಸಮಯ ಯಾವುದು? ಒಣಗಿರುವಾಗಲೇ ನಾಲ್ಕೂ ಕಡೆ ಭದ್ರವಾಗಿ ಅಂಟಿಸಿಬಿಟ್ಟರೆ ಸುರಕ್ಷಿತವೆಂದು ಹೊಸಬರು ಭಾವಿಸುವುದುಂಟು. ಆದರೆ ಅಂಥ ಹಾಳೆಗೆ ಧಾರಾಳವಾಗಿ ನೀರು ಬಿದ್ದರೆ ಅದು ಉಬ್ಬಿಯೇ ತೀರುತ್ತದೆ. ಏಕೆಂದರೆ ಅದನ್ನು ಕಟ್ಟಿದ್ದು ಅದರ ಚಿಕ್ಕ ಅಳತೆಗೆ. ಬೆಳೆದಾಗ ಅದಕ್ಕೆ ಬೇಕಾದ ಜಾಗವನ್ನು ಆ ಕಟ್ಟು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅದೇ ಹಾಳೆಯನ್ನು ಪೂರ್ತಿ ಹಿಗ್ಗಿದ ಸ್ಥಿತಿಯಲ್ಲಿ ಕಟ್ಟಿದರೆ, ಮುಂದೆ ಎಷ್ಟು ನೀರು ಬಿದ್ದರೂ ಅದು ತಲುಪುವುದು ಆ ಮೊದಲಿನ ವಿಸ್ತಾರವನ್ನೇ. ಕಟ್ಟು ಒಂದೇ, ಅಂಟು ಒಂದೇ, ಹಲಗೆ ಒಂದೇ. ವ್ಯತ್ಯಾಸವಿರುವುದು ಅದು ಯಾವ ಅಳತೆಗೆ ಹಾಕಿದ ಕಟ್ಟು ಎಂಬುದರಲ್ಲಿ.

ಬಿಗಿ ಬೇಕೋ ಬೇಡವೋ ಎಂದು ವಾದಿಸುವ ನಾವು ಈ ಅಳತೆಯ ಪ್ರಶ್ನೆಯನ್ನು ಮರೆಯುತ್ತೇವೆ. ಏಳು ವರ್ಷದ ಮಗುವಿನ ಅಳತೆಗೆ ಹೊಲಿದ ನಿಯಮವನ್ನು ಇಪ್ಪತ್ತರ ಯುವಕನಿಗೂ ತೊಡಿಸಿದರೆ ನಿಯಮವೇ ಅವನನ್ನು ಸೊಟ್ಟಗಾಗಿಸುತ್ತದೆ. ಅವನು ಸುಳ್ಳು ಹೇಳಲು ಕಲಿಯುತ್ತಾನೆ, ಅಡಗಿಸಲು ಕಲಿಯುತ್ತಾನೆ. ಆಗ “ಇಷ್ಟು ಬಿಗಿಯಾಗಿ ಬೆಳೆಸಿದರೂ ಹೀಗಾದನಲ್ಲ” ಎಂದು ತಂದೆತಾಯಿ ದುಃಖಿಸುತ್ತಾರೆ. ಬಿಗಿತ ಸಾಲದಾಯಿತೆಂದು ಅವರ ಭಾವನೆ. ಬಿಗಿದದ್ದು ಚಿಕ್ಕ ಅಳತೆಗೆ ಎಂಬುದು ವಾಸ್ತವ. ಇತ್ತ 1762ರಲ್ಲಿ ‘ಎಮಿಲ್’ ಎಂಬ ಗ್ರಂಥವನ್ನು ಪ್ರಕಟಿಸಿದ ರೂಸೋ, ಮಗುವನ್ನು ಹಿರಿಯರ ಆಜ್ಞೆಗಳಿಂದ ದೂರವಿಟ್ಟು ನಿಸರ್ಗದ ಕೈಗೆ ಒಪ್ಪಿಸಬೇಕೆಂದು ವಾದಿಸಿದ. ಅವನ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ನೆನೆಸಿ ಹಾಗೆಯೇ ಬಿಟ್ಟ ಹಾಳೆ ಸಮವಾಗಿ ಒಣಗುವುದಿಲ್ಲ. ಎಲ್ಲೆಲ್ಲಿ ಗಾಳಿ ತಾಕಿತೋ ಅಲ್ಲಲ್ಲಿಗೆ ಸುರುಳಿ ಸುತ್ತಿಕೊಳ್ಳುತ್ತದೆ. ಗಾದೆ ಹೇಳಿದವರು ಮೊದಲ ಹೆಜ್ಜೆಯನ್ನು ಮರೆತರೆ, ರೂಸೋ ಎರಡನೆಯ ಹೆಜ್ಜೆಯನ್ನು ಮರೆತಿದ್ದಾನೆ. ಮೊದಲು ನೆನೆಯಬೇಕು, ಬೆಳೆಯಬೇಕು; ಬೆಳೆದ ಅಳತೆಗೆ ತಕ್ಕಂತೆ ಬಿಗಿಯಬೇಕು.

ಅತಿಯಾಗಿ ನೆನೆಸುವುದರಲ್ಲಿಯೂ ಅಪಾಯವಿದೆ. ಒಳ್ಳೆಯ ಜಲವರ್ಣದ ಕಾಗದದ ಮೇಲ್ಮೈಗೆ ಜೆಲಟಿನ್ ಅಂಟಿನ ತೆಳುಲೇಪವಿರುತ್ತದೆ. ಇಟಲಿಯ ಫಾಬ್ರಿಯಾನೋ ಪಟ್ಟಣದ ಕಾಗದ ತಯಾರಕರು ಏಳು ಶತಮಾನಗಳಿಗೂ ಹಿಂದೆಯೇ ಬಳಕೆಗೆ ತಂದ ವಿಧಾನ ಇದು. ಬಣ್ಣ ಒಮ್ಮೆಗೇ ಒಳಕ್ಕಿಳಿಯದೆ ಮೇಲೆಯೇ ನಿಂತು ಹೊಳೆಯುವುದು ಆ ಲೇಪದಿಂದ. ಬಿಸಿನೀರಿನಲ್ಲಿ ಅಥವಾ ಬಹಳ ಹೊತ್ತು ನೆನೆಸಿದರೆ ಅದು ಕರಗಿಹೋಗಿ, ಬಣ್ಣ ಒತ್ತುಕಾಗದಕ್ಕೆ ಬಿದ್ದ ಶಾಯಿಯಂತೆ ಹೀರಿ ಮಂಕಾಗುತ್ತದೆ. ಮಗುವನ್ನು ಎಲ್ಲ ಅನುಭವಕ್ಕೂ ಎಲ್ಲ ದೃಶ್ಯಕ್ಕೂ ಬೇಗನೆ ತೆರೆದಿಡುವುದೇ ವಿಶಾಲ ಮನಸ್ಸೆಂದು ತಿಳಿದಿರುವವರು ಇದನ್ನು ಗಮನಿಸಬೇಕು.

ಹಲಗೆಯ ಗುಣ

ಮೂರನೆಯದಾಗಿ, ಕಲಾವಿದ ಬಿಗಿಯುವುದು ಅಂಚುಗಳನ್ನು ಮಾತ್ರ. ಬೆರಳಗಲದ ಆ ಪಟ್ಟಿಯನ್ನು ಬಿಟ್ಟರೆ ಹಾಳೆಯ ನಡುಭಾಗವೆಲ್ಲ ಮುಕ್ತ. ಮನೆಯಲ್ಲಿಯೂ ಬಿಗಿಯಬೇಕಾದ ಅಂಚುಗಳು ಹೆಚ್ಚೇನಿಲ್ಲ: ಸುಳ್ಳಾಡದಿರುವುದು, ಇನ್ನೊಬ್ಬರ ದೇಹಕ್ಕೂ ಮರ್ಯಾದೆಗೂ ಹಾನಿ ಮಾಡದಿರುವುದು, ದುಡಿಯದೆ ಉಣ್ಣದಿರುವುದು, ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು. ಓದುವ ವಿಷಯ, ಕೂದಲಿನ ಅಲಂಕಾರ, ಕೇಳುವ ಹಾಡು, ಒಡನಾಡುವ ಗೆಳೆಯರ ಜಾತಿ ಭಾಷೆ ಇವೆಲ್ಲ ನಡುಭಾಗ. ನಡುವಿಗೂ ಅಂಟುಪಟ್ಟಿ ಹಾಕುತ್ತ ಹೋದರೆ ಚಿತ್ರಕ್ಕೆ ಸ್ಥಳವೆಲ್ಲಿ? ಬಿಗಿಯಬೇಕಾದ ನಾಲ್ಕನ್ನಾದರೂ ಸಮವಾಗಿ ಬಿಗಿಯಬೇಕು. ಒಂದು ಅಂಚು ಸಡಿಲವಾದರೆ ಹಾಳೆ ಒಣಗುವಾಗ ಅಲ್ಲಿಂದಲೇ ಎದ್ದು, ಇಡಿಯಾಗಿ ಓರೆಗೆ ಎಳೆಯುತ್ತದೆ. ಮಗಳಿಗೆ ಬಿಗಿ, ಮಗನಿಗೆ ಸಡಿಲ ಎಂಬ ಮನೆಗಳಲ್ಲಿ ಆಗುವುದು ಇದೇ.

ಇನ್ನು ಹಲಗೆ. ಒಣಗುವ ಹಾಳೆಯ ಸೆಳೆತ ನಾವು ಊಹಿಸುವುದಕ್ಕಿಂತ ಬಲವಾದದ್ದು. ಹಲಗೆ ತೆಳುವಾಗಿದ್ದರೆ ಹಾಳೆಯ ಬದಲು ಹಲಗೆಯೇ ಬಿಲ್ಲಿನಂತೆ ಬಾಗುತ್ತದೆ. ಆದ್ದರಿಂದ ಅನುಭವಸ್ಥರು ದಪ್ಪನೆಯ, ನೇರವಾದ ಹಲಗೆಯನ್ನೇ ಆರಿಸುತ್ತಾರೆ. ಬಿಗಿಯುವವನು ತಾನು ನೇರವಾಗಿರದೆ ಬಿಗಿಯಲಾರ. ಹೊರಗೆ ಬಂದವರೊಡನೆ “ಅಪ್ಪ ಮನೆಯಲ್ಲಿಲ್ಲ ಎಂದು ಹೇಳು” ಎಂದು ಮಗುವಿನಿಂದ ಹೇಳಿಸುವ ತಂದೆ, ಅದೇ ಮಗುವಿಗೆ ಸತ್ಯದ ಅಂಚನ್ನು ಅಂಟಿಸುವುದೆಲ್ಲಿಗೆ? ನಿಯಮ ಹಾಕುವವರನ್ನು ನಿಯಮ ಮೊದಲು ಪರೀಕ್ಷಿಸುತ್ತದೆ.

ತೆಳು ಹಾಳೆ, ದಪ್ಪ ಹಾಳೆ

ಕಾಗದದ ದಪ್ಪವನ್ನು ಅಳೆಯುವುದು ಒಂದು ಚದರ ಮೀಟರ್ ಹಾಳೆಯ ತೂಕದಿಂದ. ಜೆರಾಕ್ಸ್ ಅಂಗಡಿಯ ಕಾಗದ 70ರಿಂದ 80 ಗ್ರಾಂ. ಜಲವರ್ಣಕ್ಕೆಂದೇ ತಯಾರಾಗುವ ಕಾಗದಗಳಲ್ಲಿ 190, 300 ಮತ್ತು 640 ಗ್ರಾಂ ತೂಕದವು ಬಹಳ ಬಳಕೆಯಲ್ಲಿವೆ. 190ರ ಹಾಳೆಯನ್ನು ಬಿಗಿಯದೆ ನೀರು ಹಾಕಿ ಬರೆಯುವುದು ಕಷ್ಟ. 300ರ ಹಾಳೆ ಸಾಧಾರಣ ನೀರನ್ನು ತಾಳಿಕೊಂಡೀತು, ಧಾರಾಳ ನೀರಿಗೆ ಅದೂ ಅಲೆಯೇಳುತ್ತದೆ. 640ರದ್ದು ರಟ್ಟಿನಂತೆ ಗಟ್ಟಿ. ಅದನ್ನು ಬಿಗಿಯುವ ಅಗತ್ಯವೇ ಬಹುತೇಕ ಇಲ್ಲ. ಆದರೆ ಅದರ ಬೆಲೆ ಎಲ್ಲರ ಕೈಗೆಟುಕುವಂಥದಲ್ಲ.

ಇಲ್ಲಿ ನ್ಯಾಯದ ಪ್ರಶ್ನೆಯೊಂದಿದೆ. “ನಮ್ಮನ್ನು ಯಾರೂ ಬಿಗಿಯಲಿಲ್ಲ, ಆದರೂ ನಾವು ನೆಟ್ಟಗೆ ಬೆಳೆಯಲಿಲ್ಲವೇ?” ಎಂದು ಕೆಲವರು ಕೇಳುತ್ತಾರೆ. ಅನುಕೂಲವಂತರ ಮನೆಯ ಹುಡುಗ ಒಂದು ವರ್ಷ ಓದನ್ನು ಕೆಡಿಸಿಕೊಂಡರೆ ಇನ್ನೊಂದು ಕಾಲೇಜು ಸಿಗುತ್ತದೆ. ಕೂಲಿಯವನ ಮಗ ಅದೇ ತಪ್ಪು ಮಾಡಿದರೆ ಕೈಗೆ ಸಿಗುವುದು ಗಾರೆಯ ಬಾಣಲಿ. ಅವರ ಗಟ್ಟಿತನ ಅವರ ಗುಣವೆಷ್ಟೋ, ಅವರ ಮನೆಯ ದಪ್ಪವೂ ಅಷ್ಟೇ. ಆದ್ದರಿಂದ ಬಡ ತಾಯಿಯೊಬ್ಬಳು ಮಗನನ್ನು ಬಿಗಿಯಾಗಿ ಹಿಡಿದರೆ ಅದನ್ನು ಸಂಕುಚಿತ ಬುದ್ಧಿಯೆಂದು ಹಗುರವಾಗಿ ತೀರ್ಮಾನಿಸಬಾರದು. ಆಕೆಗೆ ತನ್ನ ಹಾಳೆಯ ತೂಕ ಗೊತ್ತಿದೆ. ಒಮ್ಮೆ ಸರಿಯಾಗಿ ಬಿಗಿದ 190ರ ಹಾಳೆ 640ರ ಹಾಳೆಯಷ್ಟೇ ನಿರ್ಭಯವಾಗಿ ನೀರನ್ನು ಎದುರಿಸುತ್ತದೆ ಎಂಬುದೂ ಆಕೆಗೆ ಗೊತ್ತಿರಬೇಕು.

ನಮ್ಮ ನಾಡಿನ ಹಳೆಯ ಕಲಾವಿದರು ಇದಕ್ಕೆ ಬೇರೊಂದು ದಾರಿಯನ್ನೂ ಕಂಡುಕೊಂಡಿದ್ದರು. ಮೊಗಲ, ರಾಜಪೂತ ಮತ್ತು ದಖ್ಖನಿ ಸೂಕ್ಷ್ಮಚಿತ್ರಗಳಿಗೆ ಬಳಸುತ್ತಿದ್ದ ‘ವಸ್ಲಿ’ ಎಂಬುದು ಕೈಕಾಗದದ ಹಲವು ತೆಳು ಹಾಳೆಗಳನ್ನು ಗಂಜಿಯ ಅಂಟಿನಿಂದ ಒಂದರ ಮೇಲೊಂದು ಅಂಟಿಸಿ, ನುಣುಪಾದ ಕಲ್ಲಿನಿಂದ ಉಜ್ಜಿ ಹದಗೊಳಿಸಿದ ಹಾಳೆ. ಹುಳು ಹಿಡಿಯದಂತೆ ಆ ಗಂಜಿಗೆ ಮೈಲುತುತ್ತ ಬೆರೆಸುವುದೂ ಉಂಟು. ಮೈಸೂರು ಶೈಲಿಯ ಚಿತ್ರಕಾರರು ಕಾಗದವನ್ನು ಮರದ ಹಲಗೆಗೇ ಅಂಟಿಸಿ ಬರೆದರು. ಒಂಟಿಯಾಗಿ ನಿಲ್ಲಲಾರದ ಹಾಳೆ, ಇತರ ಹಾಳೆಗಳೊಡನೆ ಸೇರಿ ನಿಂತಿತು. ಅಜ್ಜ ಅಜ್ಜಿ, ಚಿಕ್ಕಪ್ಪ ಚಿಕ್ಕಮ್ಮ, ನೆರೆಯವರು, ಮೇಷ್ಟ್ರು ಎಂಬ ಪದರಗಳು ಕಳಚಿಹೋಗಿರುವ ಇಂದಿನ ಪುಟ್ಟ ಮನೆಗಳಲ್ಲಿ ಬಿಗಿಯುವ ಭಾರವೆಲ್ಲ ಇಬ್ಬರ ಮೇಲೆಯೇ ಬಿದ್ದಿದೆ. ತಂದೆತಾಯಿ ಸಿಡುಕುವುದಕ್ಕೆ ಇದೂ ಒಂದು ಕಾರಣವೆಂದು ಮಕ್ಕಳು ಅರಿತರೆ ಒಳ್ಳೆಯದು.

ಇಡಿಯಾಗಿ ಮುಳುಗಿದ ಚಿತ್ರ

1903ರಲ್ಲಿ ಜಪಾನಿನ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್‌ಸೋ ಎಂಬ ಇಬ್ಬರು ಚಿತ್ರಕಾರರು ಕಲ್ಕತ್ತೆಗೆ ಬಂದರು. ಅವರು ಕೆಲಸ ಮಾಡುವ ಬಗೆಯನ್ನು ಕಂಡ ಅವನೀಂದ್ರನಾಥ ಠಾಕೂರರು ತಮ್ಮದೇ ಆದ ‘ವಾಶ್’ ಪದ್ಧತಿಯನ್ನು ರೂಪಿಸಿಕೊಂಡರು. ಬಣ್ಣ ಹಾಕಿದ ಚಿತ್ರವನ್ನು ನೀರಿನಲ್ಲಿ ಮುಳುಗಿಸುವುದು, ಒಣಗಿಸುವುದು, ಮತ್ತೆ ಬಣ್ಣ ಹಾಕುವುದು, ಮತ್ತೆ ಮುಳುಗಿಸುವುದು. ಹೀಗೆ ಹಲವು ಬಾರಿ. ಹೆಚ್ಚಾದ ಬಣ್ಣ ನೀರಿನಲ್ಲಿ ತೇಲಿಹೋಗಿ, ಕಾಗದದೊಳಗೆ ಬೇರೂರಿದ್ದು ಮಾತ್ರ ಉಳಿಯುತ್ತದೆ. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥರ ಶಿಷ್ಯರಾಗಿ ಕಲಿತವರು. ಊಟಿ ಮತ್ತು ಕೊಡೈಕೆನಾಲಿನ ಬೆಟ್ಟಗಳನ್ನು ಕುರಿತ ಅವರ ಜಲವರ್ಣ ಚಿತ್ರಗಳು ಪ್ರಸಿದ್ಧ. ಮಂಜು, ಮೋಡ, ಸಂಜೆಯ ಬೆಳಕು ಇಂಥ ಹಿಡಿತಕ್ಕೆ ಸಿಗದ ವಸ್ತುಗಳನ್ನು ಅವರು ಕಾಗದದ ಮೇಲೆ ನಿಲ್ಲಿಸಿದರು. ಚಿತ್ರದಲ್ಲಿ ಕಾಣುವ ಆ ಸ್ವಚ್ಛಂದದ ಹಿಂದೆ ಕಠಿಣವಾದ ಶಿಸ್ತಿನ ಜೀವನವಿತ್ತು. ಮಂಜನ್ನು ಬರೆಯಬೇಕಾದರೆ ನೀರಿಗೆ ಹೆದರುವಂತಿಲ್ಲ; ನೀರಿಗೆ ಹೆದರದಿರಬೇಕಾದರೆ ಹಾಳೆ ಸಿದ್ಧವಾಗಿರಬೇಕು. ಶಿಸ್ತು ಮತ್ತು ಸ್ವಾತಂತ್ರ್ಯ ಶತ್ರುಗಳಲ್ಲವೆಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಾಣುವ ಉದಾಹರಣೆ ಬೇಕಿಲ್ಲ.

ಮನುಷ್ಯ ಕಾಗದವಲ್ಲ

ಇಷ್ಟು ಹೊತ್ತಿಗೆ ಓದುಗರಲ್ಲಿ ಯಾರಾದರೂ, ವಿಶೇಷವಾಗಿ ತರುಣರು, ಆಕ್ಷೇಪಿಸಬಹುದು: “ಕಾಗದಕ್ಕೆ ಮನಸ್ಸಿಲ್ಲ. ಅದನ್ನು ನೆನೆಸುವಾಗ ಯಾರೂ ಅದರ ಒಪ್ಪಿಗೆ ಕೇಳುವುದಿಲ್ಲ. ನಮ್ಮನ್ನು ಹಾಗೆ ಕಾಣುವುದು ಸರಿಯೇ?” ಈ ಆಕ್ಷೇಪ ನ್ಯಾಯವಾದದ್ದು. ಯಾವ ಹೋಲಿಕೆಯೂ ಕೊನೆಯವರೆಗೆ ಕೈಹಿಡಿದು ನಡೆಸುವುದಿಲ್ಲ. ಅದು ಎಲ್ಲಿ ನಿಲ್ಲುತ್ತದೆಂದು ಅರಿಯುವುದೂ ವಿಚಾರದ ಭಾಗವೇ.

ಚಿತ್ರಕಲೆಯಲ್ಲಿ ಬರೆಯುವವನು ಬೇರೆ, ಹಾಳೆ ಬೇರೆ. ಮನುಷ್ಯನ ಬಾಳಿನಲ್ಲಿ ಹಾಳೆಯೂ ಅವನೇ, ಕುಂಚ ಹಿಡಿದವನೂ ಅವನೇ. ತಂದೆತಾಯಿಯರಾಗಲಿ, ಗುರುಗಳಾಗಲಿ, ಅಧ್ಯಾಪಕರಾಗಲಿ ಆ ಚಿತ್ರದ ಕರ್ತೃಗಳಲ್ಲ. ಅವರಿಗೆ ಸಲ್ಲುವ ಸ್ಥಾನ ಹಲಗೆಯದು. ಹಲಗೆ ಆಧಾರ ಕೊಡುತ್ತದೆ, ಚಿತ್ರ ಬರೆಯುವುದಿಲ್ಲ. ಲಾಕ್ ಮಹಾಶಯನ ಬಿಳಿಯ ಕಾಗದದ ಮಾತಿನಲ್ಲಿ ಅಡಗಿರುವ ಅಪಾಯ ಇದೇ. ಕಾಗದ ಬಿಳಿಯಾಗಿದ್ದರೆ ಅದರ ಮೇಲೆ ಬರೆಯುವ ಹಕ್ಕು ತಮ್ಮದೆಂದು ಹಿರಿಯರು ಭಾವಿಸಿಬಿಡುತ್ತಾರೆ. ತಾವು ವೈದ್ಯರಾಗಲಾರದ್ದಕ್ಕೆ ಮಗನನ್ನು ವೈದ್ಯನನ್ನಾಗಿ ಬರೆಯಲು ಹೊರಟವರು ಎಷ್ಟು ಮಂದಿ!

ಗ್ರೀಸಿನ ಅರಿಸ್ಟಾಟಲ್ ಈ ವಿಷಯದಲ್ಲಿ ಸಮತೋಲನದ ಮಾತನ್ನಾಡಿದ್ದಾನೆ. ಸದ್ಗುಣ ನಮ್ಮಲ್ಲಿ ಅಭ್ಯಾಸದಿಂದ ಬೆಳೆಯುತ್ತದೆಂಬುದು ಅವನ ಅಭಿಪ್ರಾಯ. ನ್ಯಾಯದ ಕೆಲಸಗಳನ್ನು ಮಾಡುತ್ತ ಮಾಡುತ್ತಲೇ ಮನುಷ್ಯ ನ್ಯಾಯವಂತನಾಗುತ್ತಾನೆ. ಆದ್ದರಿಂದ ತಿಳಿವಳಿಕೆ ಬರುವ ಮೊದಲೇ ರೂಢಿ ಆರಂಭವಾಗಬೇಕು. ಆದರೆ ಅವನು ಅಲ್ಲಿಗೆ ನಿಲ್ಲುವುದಿಲ್ಲ. ಆ ಕೆಲಸವನ್ನು ತಿಳಿದು, ಅದಕ್ಕಾಗಿಯೇ ಅದನ್ನು ಆರಿಸಿಕೊಂಡು, ಸ್ಥಿರವಾದ ಮನಸ್ಸಿನಿಂದ ಮಾಡಿದಾಗ ಮಾತ್ರ ಅದು ನಿಜವಾಗಿ ಸದ್ಗುಣದ ಕಾರ್ಯ. ಬಿಗಿತದಿಂದ ಆರಂಭವಾದದ್ದು ಆಯ್ಕೆಯಲ್ಲಿ ಕೊನೆಗಾಣಬೇಕು. ಕೊನೆಗಾಣದಿದ್ದರೆ ಅದು ಬರಿಯ ಪಳಗಿಸುವಿಕೆ.

ಹಾಗಾದರೆ ನ್ಯಾಯವಾದ ಬಿಗಿಯನ್ನು ಅನ್ಯಾಯದ ಬಿಗಿಯಿಂದ ಗುರುತಿಸುವುದು ಹೇಗೆ? ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಈ ನಿಯಮಕ್ಕೆ ನಾನು ಕಾರಣ ಹೇಳಬಲ್ಲೆನೆ? ಈ ನಿಯಮ ನನ್ನನ್ನೂ ಕಟ್ಟುತ್ತದೆಯೆ? ಈ ನಿಯಮವನ್ನು ಬಿಚ್ಚುವ ದಿನವೊಂದನ್ನು ನಾನು ಮನಸ್ಸಿನಲ್ಲಿ ಗೊತ್ತುಮಾಡಿದ್ದೇನೆಯೆ? ಮೂರಕ್ಕೂ ಹೌದೆಂದು ಹೇಳಬಲ್ಲವರು ಅಳುಕದೆ ಬಿಗಿಯಲಿ. ಮಗುವಿನ ಕಣ್ಣೀರು ಆ ಹೊತ್ತಿಗೆ ನಮ್ಮ ವಿರುದ್ಧ ಸಾಕ್ಷಿ ಹೇಳಿದರೂ ಮುಂದೊಂದು ದಿನ ನಮ್ಮ ಪರವಾಗಿ ನಿಂತೀತು. ಒಂದಕ್ಕಾದರೂ ಇಲ್ಲವೆಂಬ ಉತ್ತರ ಬಂದರೆ ಅಂಟುಪಟ್ಟಿಯನ್ನು ಕೆಳಗಿಟ್ಟು ಮತ್ತೊಮ್ಮೆ ಯೋಚಿಸುವುದು ಲೇಸು.

ಕತ್ತರಿಸುವ ದಿನ

ಬಿಗಿದ ಹಾಳೆಯ ಗುರಿ ಹಲಗೆಯ ಮೇಲೆ ಉಳಿಯುವುದಲ್ಲ. ಚಿತ್ರ ಪೂರ್ತಿ ಒಣಗಿದ ಮೇಲೆ ಕಲಾವಿದ ಅದರ ಅಂಚುಗಳನ್ನು ಎಚ್ಚರಿಕೆಯಿಂದ ಕತ್ತರಿಸುತ್ತಾನೆ. ಇನ್ನೂ ತೇವವಿರುವಾಗ ಅವಸರದಿಂದ ಕತ್ತರಿಸಿದರೆ ಹಾಳೆ ಮತ್ತೆ ಉಬ್ಬುತ್ತದೆ. ಕತ್ತರಿಸದೆಯೇ ಬಿಟ್ಟರೆ ಅದು ಚೌಕಟ್ಟಿಗೂ ಬಾರದೆ, ಗೋಡೆಗೂ ಏರದೆ ಕೋಣೆಯ ಮೂಲೆಯಲ್ಲಿ ಧೂಳು ತಿನ್ನುತ್ತದೆ. ಎರಡೂ ತಪ್ಪುಗಳು ನಮ್ಮಲ್ಲಿವೆ. ಆದರೆ ನಮ್ಮ ಕುಟುಂಬಗಳಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯದು. ಮೂವತ್ತು ದಾಟಿದ ಮಗನ ಸಂಬಳದ ಚೀಟಿಯನ್ನು ತಾವೇ ನೋಡಬೇಕೆನ್ನುವ ತಂದೆ, ಮದುವೆಯಾಗಿ ಹೋದ ಮಗಳ ಅಡುಗೆಮನೆಯನ್ನು ಫೋನಿನಲ್ಲಿಯೇ ನಡೆಸುವ ತಾಯಿ ಇವರು ಪ್ರೀತಿಯಿಲ್ಲದವರಲ್ಲ. ಕತ್ತರಿ ಹಿಡಿದರೆ ಸಂಬಂಧವೇ ಕಡಿದುಹೋದೀತೆಂಬ ಭಯ ಅವರದು. ಕತ್ತರಿಸುವುದು ಅಂಟುಪಟ್ಟಿಯನ್ನೇ ಹೊರತು ಹಾಳೆಯನ್ನಲ್ಲ. ಬಿಡಿಸಿಕೊಂಡ ಮೇಲೂ ಹಾಳೆ ನೆಟ್ಟಗೆ ನಿಂತರೆ, ಹಲಗೆಗೆ ಅದಕ್ಕಿಂತ ಬೇರೆ ಗೌರವವೇನು ಬೇಕು?

ಈಗಾಗಲೇ ಉಬ್ಬಿಹೋದ ಹಾಳೆಗೆ ಗತಿಯೇನು ಎಂದು ಕೇಳುವ ಮನೆಗಳೂ ಇವೆ. ಅವರಿಗೂ ಕಲಾವಿದರು ದಾರಿ ತೋರಿಸಿದ್ದಾರೆ. ಬಣ್ಣವಿರುವ ಮುಖವನ್ನು ಮುಟ್ಟದೆ, ಹಾಳೆಯ ಬೆನ್ನಿನ ಕಡೆಗೆ ಹಗುರವಾಗಿ, ಸಮವಾಗಿ ನೀರು ಸವರಬೇಕು. ಮೇಲೂ ಕೆಳಗೂ ಒತ್ತುಕಾಗದ ಇಟ್ಟು, ಸಮತಟ್ಟಾದ ಹಲಗೆಯ ನಡುವೆ ಭಾರ ಹೇರಿ, ಒಂದೆರಡು ದಿನ ತಾಳ್ಮೆಯಿಂದ ಕಾಯಬೇಕು. ಮುಖದ ಕಡೆಯಿಂದ ಉಜ್ಜಿದರೆ ಇರುವ ಬಣ್ಣವೂ ಹೋಗುತ್ತದೆ. ಮನಸ್ತಾಪವಾದ ಮಗನನ್ನು ಎಲ್ಲರೆದುರು ತಿದ್ದಲು ಹೋಗುವವರು ಉಜ್ಜುವುದು ಮುಖವನ್ನು. ಬೆನ್ನಿನ ಕಡೆಯಿಂದ, ಅಂದರೆ ಯಾರಿಗೂ ಕಾಣದಂತೆ, ಒಂದು ಒಳ್ಳೆಯ ಮಾತು, ಒಂದು ಸಣ್ಣ ಸಹಾಯ, ಹಳೆಯದನ್ನು ಕೆದಕದ ಒಂದು ಭೇಟಿ ಇವು ನಿಧಾನವಾಗಿ ಕೆಲಸ ಮಾಡುತ್ತವೆ. ಅಲೆಗಳು ಹೀಗೆ ಇಳಿದಾವು. ಆದರೆ ಮಡಿಕೆ ಬಿದ್ದು ನಾರೇ ಮುರಿದ ಗೆರೆ ಪೂರ್ತಿ ಅಳಿಯುವುದಿಲ್ಲ. ಕೋಪದಲ್ಲಿ ಕೈಯೆತ್ತುವ, ಮಗುವ ಮರ್ಯಾದೆಯನ್ನು ಹತ್ತು ಜನರೆದುರು ಮುರಿಯುವ ಅಭ್ಯಾಸವಿರುವವರು ಇದನ್ನು ಮರೆಯಬಾರದು. ಹೊಡೆತ ಅಂಚಿನ ಬಿಗಿಯಲ್ಲ. ಅದು ಹಾಳೆಯ ನಡುವೆ ಬೀಳುವ ಮಡಿಕೆ.

ಬಿಗಿಯಬೇಕೆ, ಬಿಡಬೇಕೆ ಎಂದು ಕೇಳುತ್ತಿದ್ದ ಮನೆಗಳಿಗೆ ಹೇಳಬಹುದಾದದ್ದು ಇಷ್ಟು. ಎರಡೂ ಬೇಕು, ಆದರೆ ಅವುಗಳಿಗೆ ಹೊತ್ತಿದೆ, ಅಳತೆಯಿದೆ, ಸ್ಥಳವಿದೆ. ಈ ತಿಂಗಳಲ್ಲಿ ಒಂದು ಸಂಜೆ ಮನೆಮಂದಿಯೆಲ್ಲ ಕುಳಿತು, ನಮ್ಮ ಮನೆಯ ನಾಲ್ಕು ಅಂಚುಗಳು ಯಾವುವು ಎಂದು ಮಾತನಾಡಿಕೊಳ್ಳಲಿ. ಆ ಮಾತುಕತೆಯಲ್ಲಿ ಕಿರಿಯರಿಗೂ ಅಷ್ಟೇ ಹೊತ್ತು ಸಿಗಲಿ. ಐದನೆಯ ಅಂಚೊಂದು ಎಂದೋ ಅಂಟಿಕೊಂಡು ಹಾಗೆಯೇ ಉಳಿದಿದ್ದರೆ, ಅದನ್ನು ಬಿಡಿಸುವ ಕೆಲಸವನ್ನು ಹಿರಿಯರೇ ಮೊದಲು ಆರಂಭಿಸಲಿ.